ಬೆವರುವ ಕಂಚು

ಕರಗಿದ ಲೋಹ ಗಟ್ಟಿಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಯಾರಾದರೂ ಹೇಳಿದರೆ ಬೇಗ ನಂಬಬೇಡಿ. ನಮ್ಮ ಕಾಲದಲ್ಲಂತೂ ಅದನ್ನು ಯಾರೂ ನೋಡಿರಲಿಲ್ಲ. ಮೂಸೆಯಿಂದ ಕೆಂಪಗೆ ಇಳಿದದ್ದು ಕಾಣುತ್ತದೆ, ತಣ್ಣಗಾದ ಮೇಲೆ ಮರಳಿನ ಅಚ್ಚನ್ನು ಒಡೆದಾಗ ಸಿಕ್ಕುವ ತುಂಡು ಕಾಣುತ್ತದೆ. ನಡುವೆ ಒಳಗೆ ಆದದ್ದೆಲ್ಲ ಮರಳಿನ ಮರೆಯಲ್ಲಿ, ಲೋಹದ ಹೊಟ್ಟೆಯಲ್ಲಿ ಆಗಿಹೋಗಿರುತ್ತದೆ. ಹಬ್ಬದ ಮರುದಿನ ಊರಿಗೆ ಬಂದವನು ಅಂಗಳದ ಗುರುತು ನೋಡಿ ಹಬ್ಬ ಹೇಗೆ ನಡೆಯಿತೆಂದು ಊಹಿಸಿದಂತೆ ನಮ್ಮ ಕೆಲಸ. ನಾನು ಇಡೀ ವೃತ್ತಿಜೀವನವನ್ನು ಆ ಊಹೆಯಲ್ಲೇ ಕಳೆದೆ. ಬೇಸರ ಮಾತ್ರ ಬರಲಿಲ್ಲ.

ಈ ವಿದ್ಯೆಗೆ ಹೊಸದಾಗಿ ಬರುವ ಹುಡುಗರೂ ಹುಡುಗಿಯರೂ ನನ್ನನ್ನು ಕೇಳುವುದು ಹುದ್ದೆಗಳ ವಿಷಯ. ಅವು ಬಂದವು, ಹೋದವು. ಹೇಳಬೇಕೆನ್ನಿಸುವುದು ಗೋಕಾಕದಲ್ಲಿ ಕಳೆದ ಮೊದಲ ಕೆಲವು ವರ್ಷಗಳ ವಿಷಯ. ಬೆಳಗಾವಿ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ಆಗಿನ್ನೂ ಹೊಸತು.

ನಾನು ಹುಕ್ಕೇರಿಯವಳು, ಹೆಸರು ಸುಮತಿ. ಅಪ್ಪ ಪೇಟೆಯಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳ ಅಂಗಡಿ ಇಟ್ಟಿದ್ದರು. ಮನೆಯೊಳಗೆ ಮರಾಠಿ, ಅಂಗಡಿಯಲ್ಲಿ ಕನ್ನಡ, ಬಸದಿಗೆ ಹೋದರೆ ಎರಡೂ. ನಾನು ಭೌತಶಾಸ್ತ್ರ ಓದಿ ಪುಣೆಯಿಂದ ಹಿಂದಿರುಗಿದಾಗ ಅಪ್ಪನಿಗಿದ್ದ ಯೋಚನೆ ಮದುವೆಯದು. ಅಷ್ಟರಲ್ಲಿ ಪುಣೆಯ ಒಂದು ವಿಜ್ಞಾನ ಸಂಸ್ಥೆ ಗೋಕಾಕದಲ್ಲಿ ಸಣ್ಣದೊಂದು ಪ್ರಯೋಗಶಾಲೆ ತೆರೆಯಿತು. ಖಾಸಗಿ ಎರಕದ ಕಾರ್ಖಾನೆಯೊಂದರ ಹಿಂದಿನ ತಗಡಿನ ಶೆಡ್ಡೇ ಆ ಪ್ರಯೋಗಶಾಲೆ. ಸಣ್ಣ ಕಾರ್ಖಾನೆಗಳಲ್ಲಿ ಮಿಶ್ರಲೋಹಗಳು ಯಾಕೆ ಕೆಡುತ್ತವೆ ಎಂದು ಅಲ್ಲೇ ಕೂತು ಅಭ್ಯಾಸ ಮಾಡಬೇಕೆಂಬುದು ಯೋಜನೆ. ಗೋಕಾಕದಲ್ಲಿ ನನ್ನ ಮಾವಶಿಯ, ಎಂದರೆ ಅವ್ವನ ತಂಗಿಯ, ಮನೆ ಇತ್ತು. ಅದೊಂದೇ ಕಾರಣಕ್ಕೆ ಅಪ್ಪ ಒಪ್ಪಿದರು.

ಯೋಜನೆಯ ಮುಖ್ಯಸ್ಥರು ಡಾಕ್ಟರ್ ಜೋಶಿ. ಪುಣೆಯಿಂದ ಆಗಾಗ ಬಂದುಹೋಗುತ್ತಿದ್ದರು. ಬೆಳಗಾವಿಯಲ್ಲಿ ಬೆಳೆದವರು, ಕನ್ನಡ ಮಾತಾಡುವಾಗ ನಡುನಡುವೆ ಮರಾಠಿ ತಾನಾಗಿ ಬರುತ್ತಿತ್ತು. ಸಂದರ್ಶನದಲ್ಲಿ ನನ್ನ ಅಂಕಗಳನ್ನು ನೋಡಲೇ ಇಲ್ಲ. ಮುರಿದ ಸತುವಿನ ತುಂಡೊಂದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

"ಏನ್ ಕಾಣಸ್ತದ?"

"ಕಲ್ಲುಸಕ್ಕರಿ ಒಡದಂಗ ಕಾಣಸ್ತದ್ರಿ" ಎಂದೆ. ಮುರಿದ ಮೈಯಲ್ಲಿ ಹೊಳೆಯುವ ಮುಖಗಳು ಒಂದರ ಪಕ್ಕ ಒಂದು ನಿಂತಿದ್ದವು.

"ಬರೋಬ್ಬರಿ. ಹಂಗಾರ ಇದು ಹರಳು. ನಿಮ್ಮ ಅಪ್ಪನ ಅಂಗಡಿಯೊಳಗಿನ ತಂಬಿಗಿ, ಬಿಂದಿಗಿ ಎಲ್ಲಾ ಹರಳು. ಇದನ್ನ ಯಾರಿಗಾದರೂ ಹೇಳಿದ್ರ ನಗತಾರ. ನೀವು ನಗಲಿಲ್ಲ. ಸೋಮವಾರ ಬರ್ರಿ."

ಮೊದಲ ತಿಂಗಳುಗಳೆಲ್ಲ ಉಜ್ಜುವುದರಲ್ಲೇ ಹೋದವು. ಎರಕದ ತುಂಡನ್ನು ಕೊಯ್ದು, ಒರಟು ಮರಳುಕಾಗದದಿಂದ ನುಣುಪು ಕಾಗದದವರೆಗೆ ಒಂದೊಂದರ ಮೇಲೂ ಉಜ್ಜಿ, ಕನ್ನಡಿಯಂತೆ ಮಾಡಿ, ಆಮ್ಲದಲ್ಲಿ ಕ್ಷಣಹೊತ್ತು ಅದ್ದಬೇಕು. ಆಮ್ಲ ಕೆಲವು ಭಾಗವನ್ನು ಹೆಚ್ಚು ಕೊರೆಯುತ್ತದೆ, ಕೆಲವನ್ನು ಕಡಿಮೆ. ಆಗ ಸೂಕ್ಷ್ಮದರ್ಶಕದಲ್ಲಿ ಒಳಗಿನ ಚಿತ್ರ ಎದ್ದು ಬರುತ್ತದೆ. ನನ್ನ ಮೊದಲ ತುಂಡುಗಳನ್ನು ಆಮ್ಲದಲ್ಲಿ ಅದ್ದಿ ಮಾವಶಿಯ ಮನೆಗೆ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಎಲ್ಲವೂ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿದ್ದವು. ಜೋಶಿ ಸಾಹೇಬರು ಬೈಯಲಿಲ್ಲ. ಅವೇ ತುಂಡುಗಳನ್ನು ಮತ್ತೆ ಮೊದಲಿಂದ ಉಜ್ಜಲು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಆದರೆ ಆ ಕೆಲಸದಲ್ಲಿ ಸಿಗುವ ಬೆರಗು ಎಲ್ಲಿಯೂ ಸಿಗಲಾರದು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಕಿರ್ರೆಂದು ನರಳುತ್ತದೆ, ಒಳಗಿನ ಹರಳುಗಳು ಹೊರಳುವ ಸದ್ದು. ಇನ್ನೊಂದು ಸಲ ಕರಗಿದ ತವರದಲ್ಲಿ ಉಷ್ಣತೆ ಅಳೆಯುವ ತಂತಿಯನ್ನಿಟ್ಟು, ಅದಕ್ಕೆ ಜೋಡಿಸಿದ ಮಾಪಕದ ಕನ್ನಡಿಯಿಂದ ಗೋಡೆಯ ಮೇಲೆ ಬೀಳುವ ಬೆಳಕಿನ ಚುಕ್ಕೆಯನ್ನು ನೋಡುತ್ತ ಕೂತಿದ್ದೆ. ಲೋಹ ತಣಿದಂತೆ ಚುಕ್ಕೆ ಕೆಳಗಿಳಿಯಬೇಕು. ಇಳಿಯಿತು, ಇಳಿಯಿತು, ಆಮೇಲೆ ನಿಂತುಬಿಟ್ಟಿತು. ತಂತಿ ಹರಿದಿದೆ ಎಂದುಕೊಂಡು ಎದ್ದೆ.

"ಕೂಡ್ರಿ" ಎಂದರು ಸಾಹೇಬರು. "ಈಗ ಅದು ಗಟ್ಟಿ ಆಗಾಕತ್ತದ. ಗಟ್ಟಿ ಆಗೂಮುಂದ ತನ್ನೊಳಗಿನ ಕಾವು ಹೊರಗ ಬಿಡತದ. ಪೂರಾ ಬಿಟ್ಟು ಮುಗಿಯೂತನಕ ತಣ್ಣಗ ಆಗೂದಿಲ್ಲ. ಬಘಾ, ಸುಮ್ನ ನೋಡ್ರಿ."

ಸುಮ್ಮನೆ ನೋಡುವುದನ್ನು ಕಲಿಸಿದವರು ಅವರು. ಜೇಬಿನಲ್ಲಿ ಸದಾ ಸೀಮೆಸುಣ್ಣ. ಮೇಜು, ತಗಡಿನ ಗೋಡೆ, ಒಮ್ಮೆ ಬಸ್ಸಿನ ಸೀಟಿನ ಬೆನ್ನು, ಎಲ್ಲೆಂದರಲ್ಲಿ ಚಿತ್ರ ಬರೆಯುತ್ತಿದ್ದರು. ಒಂದೇ ದೋಷ, ತಮ್ಮ ಊಹೆ ಒಮ್ಮೆ ಸೀಮೆಸುಣ್ಣದಿಂದ ಗೋಡೆಗೆ ಇಳಿಯಿತೆಂದರೆ ಅದನ್ನು ಅಳಿಸಲು ಅವರಿಗೆ ಬಹಳ ಕಷ್ಟ.

ಕಾರ್ಖಾನೆಯ ಮಾಲಕರು ಭರಮಪ್ಪ. ಅಲ್ಲಿ ಎರಕದ ಮಿಸ್ತ್ರಿ ಯಲ್ಲಪ್ಪ, ಮಮದಾಪುರದವರು. ಅವರ ಮನೆತನ ಆಗಷ್ಟೇ ಬೌದ್ಧ ಧರ್ಮಕ್ಕೆ ಬಂದಿತ್ತು. ಊರಿನಲ್ಲಿ ಕೆಲವರು ಅವರ ಮನೆಯ ಬಾಗಿಲಲ್ಲಿ ನಿಂತು ಮಾತಾಡುವುದನ್ನೂ ಬಿಟ್ಟಿದ್ದರು. ಕಾರ್ಖಾನೆಯಲ್ಲಿ ಮಾತ್ರ ಕರಗಿದ ಮೂಸೆ ಎತ್ತಬೇಕಾದಾಗ ಎಲ್ಲರೂ ಮಿಸ್ತ್ರಿಯ ಮುಖ ನೋಡುತ್ತಿದ್ದರು.

ಒಂದು ದಿನ ಮೂಡಲಗಿ ಕಡೆಯ ಭೀಮಪ್ಪ ಎಂಬ ರೈತರು ಗೋಣಿಚೀಲದಲ್ಲಿ ಭಾರವಾದದ್ದೇನನ್ನೋ ಹೊತ್ತು ಬಸ್ಸಿನಿಂದ ಇಳಿದರು. ಚೀಲದಿಂದ ಹೊರಬಂದದ್ದು ನಮ್ಮದೇ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಂಚಿನ ಫುಟ್‌ವಾಲ್ವ್. ಬಾವಿಯ ನೀರೊಳಗೆ ಇಳಿಬಿಟ್ಟ ಪೈಪಿನ ಕೆಳತುದಿಗೆ ಇದನ್ನು ಕೂಡಿಸುತ್ತಾರೆ. ನೀರನ್ನು ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಬರಲು ಬಿಡುವುದಿಲ್ಲ. ಹಾಗಾಗಿ ಇಂಜಿನ್ ನಿಲ್ಲಿಸಿದರೂ ಪೈಪಿನಲ್ಲಿ ನೀರು ಉಳಿದಿರುತ್ತದೆ. ನೀರು ಇಳಿದುಹೋದರೆ ಪಂಪು ಬರೀ ಗಾಳಿ ಎಳೆಯುತ್ತದೆ, ಮತ್ತೆ ಮೇಲಿನಿಂದ ನೀರು ತುಂಬಬೇಕು.

"ದಿನಾ ಮುಂಜಾನಿ ಪೈಪು ಖಾಲಿ ಆಗಿರತೈತ್ರಿ" ಎಂದರು ಭೀಮಪ್ಪ. "ಒಳಗಿನ ತೊಗಲಿನ ವಾಶರ್ ಬದಲ ಮಾಡಿದೆ, ಸ್ಕ್ರೂ ಬಿಗದೆ. ಏನ್ ಮಾಡಿದ್ರೂ ನೀರು ನಿಲ್ಲವಲ್ದು. ನಮ್ಮ ಬಾಜೂದವಂದೂ ಹಂಗ ಆಗೇತಿ."

ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಡಕಿಲ್ಲ, ತೂತಿಲ್ಲ. ಕೊನೆಗೆ ಕೆಳಬಾಯಿಯನ್ನು ಬಿಗಿದು, ಒಳಗೆ ನೀರು ತುಂಬಿ, ಅದನ್ನು ತೊಲೆಗೆ ತೂಗುಬಿಟ್ಟೆವು. ಹೊರಮೈಯನ್ನು ನಾನೇ ಒಣಬಟ್ಟೆಯಿಂದ ಒರೆಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಆ ಕಂಚಿನ ಮೈಮೇಲೆ ಸಾಸಿವೆ ಗಾತ್ರದ ಹನಿಗಳು ಮೂಡಿದ್ದವು. ಒರೆಸಿದರೆ ಮತ್ತೆ ಮೂಡಿದವು. ಗಟ್ಟಿ ಲೋಹದ ಗೋಡೆಯ ಮೂಲಕ ನೀರು ಹೊರಗೆ ಬರುತ್ತಿತ್ತು. ಬಿಸಿಲಲ್ಲಿ ದುಡಿದವನ ಮೈ ಬೆವರಿದ ಹಾಗೆ.

ಆ ಸಂಜೆ ಮಾವಶಿಗೆ ಇದನ್ನು ಹೇಳಿದೆ. ಹೊಸ ಮಣ್ಣಿನ ಗಡಿಗೆ ಜಿನುಗುವುದಿಲ್ಲವೇ, ಅದರಲ್ಲೇನು ಎಂದರು. ಅದು ಮಣ್ಣು, ಇದು ಕಂಚು ಎಂದು ನಾನು ಊಟ ಬಿಟ್ಟು ವಾದಿಸಿದೆ.

ಕಾರ್ಖಾನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಮಾಲಕರು ಗುಜರಿಯಿಂದ ತಂದ ಹಳೆಯ ತಾಮ್ರದ್ದೇ ತಪ್ಪು ಎಂದು ಮಿಸ್ತ್ರಿ. ಮಿಸ್ತ್ರಿಯ ಕೈಯದೇ ತಪ್ಪು ಎಂದು ಮಾಲಕರು. ಜೋಶಿ ಸಾಹೇಬರು ಪುಣೆಯಿಂದ ಬಂದು ನೋಡಿ, ಇದು ಗಾಳಿಯ ಕೆಲಸ ಎಂದರು. ಹಸಿ ಮರಳು, ತೇವವಿರುವ ಇದ್ದಿಲು ಇವುಗಳಿಂದ ಜಲಜನಕ ಕರಗಿದ ಲೋಹದೊಳಗೆ ಸೇರುತ್ತದೆ. ಗಟ್ಟಿಯಾಗುವಾಗ ಹೊರಬರಲು ಹವಣಿಸಿ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಗೋಡೆಯ ಮೇಲೆ ಗುಳ್ಳೆಗಳ ಚಿತ್ರ ಬಂತು. ಮರುವಾರ ಅದೇ ವರದಿಯಾಗಿ ಸಂಸ್ಥೆಗೂ ಮಾಲಕರಿಗೂ ಹೋಯಿತು. ಮರಳನ್ನು ಸರಿಯಾಗಿ ಒಣಗಿಸದಿರುವುದು ಮುಖ್ಯ ಕಾರಣವಿರಬಹುದು ಎಂಬ ಒಂದು ಸಾಲು ಅದರಲ್ಲಿತ್ತು.

ಭರಮಪ್ಪನವರಿಗೆ ಆ ಸಾಲು ಸಾಕಾಯಿತು. ಮರಳು ಒಣಗಿಸುವುದು ಮಿಸ್ತ್ರಿಯ ಜವಾಬ್ದಾರಿ. "ವಿಜ್ಞಾನದವರಽ ಬರದು ಕೊಟ್ಟಾರ" ಎಂದು ಯಲ್ಲಪ್ಪ ಮಿಸ್ತ್ರಿಯನ್ನು ಕೆಲಸದಿಂದ ತೆಗೆದರು. ಮಿಸ್ತ್ರಿ ಹೋಗುವಾಗ ಶೆಡ್ಡಿನ ಬಾಗಿಲಲ್ಲಿ ನಿಂತರು.

"ಅಕ್ಕಾರ, ಒಂದ್ ಮಾತು ಕೇಳಲ್ಯಾ? ನೀವು ಉಜ್ಜಿ ನೋಡತೀರಲ್ಲ, ಅದರಾಗ ನನ್ನ ತಪ್ಪು ಕಂಡೈತೇನ್ರಿ?"

"ನಾ ಇನ್ನೂ ನೋಡಿಲ್ಲ ಮಿಸ್ತ್ರಿ" ಎಂದೆ. ನಿಜವಾಗಿಯೂ ನೋಡಿರಲಿಲ್ಲ. ವರದಿ ನನ್ನ ಉಜ್ಜುವಿಕೆ ಮುಗಿಯುವ ಮೊದಲೇ ಹೋಗಿತ್ತು.

"ಹಂಗಾರ ನೋಡ್ರಿ" ಎಂದು ಹೇಳಿ ನಡೆದರು. ಸಿಟ್ಟಿರಲಿಲ್ಲ.

ಬೆವರಿದ ವಾಲ್ವನ್ನು ಕೊಯ್ದು, ಉಜ್ಜಿ, ಈ ಸಲ ಆಮ್ಲದ ಮುಂದೆಯೇ ನಿಂತು ಕಾದು, ಸೂಕ್ಷ್ಮದರ್ಶಕದಲ್ಲಿಟ್ಟೆ. ಕಂಚು ಗಟ್ಟಿಯಾಗುವಾಗ ಹರಳುಗಳು ಗಿಡದಂತೆ ಬೆಳೆಯುತ್ತವೆಂದು ಪುಸ್ತಕದಲ್ಲಿ ಓದಿದ್ದೆ. ಕಾಂಡ, ಕಾಂಡಕ್ಕೆ ಕೊಂಬೆ, ಕೊಂಬೆಗೆ ಕಿರುಕೊಂಬೆ. ಅವೆಲ್ಲ ಕಂಡವು. ಆ ಕೊಂಬೆಗಳ ಸಂದಿಯಲ್ಲಿ ಕಪ್ಪು ತೂತುಗಳೂ ಕಂಡವು. ಆದರೆ ಅವು ಗುಂಡಗಿರಲಿಲ್ಲ. ಗಾಳಿಯ ಗುಳ್ಳೆಯಾಗಿದ್ದರೆ ಗುಂಡಗೆ, ನಯವಾಗಿ ಇರಬೇಕು. ಇವು ಮೂಲೆ ಮೂಲೆಯಾಗಿ, ಕೊಂಬೆಗಳ ಅಂಚು ಹಿಡಿದು ಹರಡಿದ್ದವು.

ಸಾಹೇಬರು ಬಂದಾಗ ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು.

"ಉಜ್ಜೂಮುಂದ ಕಿತ್ತು ಹೋಗಿರಬೇಕು. ಮೆತ್ತಗಿನ ಭಾಗ ಕಾಗದಕ್ಕ ಹತ್ತಿ ಬರ್ತದ."

"ಎಲ್ಲಾ ತುಂಡಿನ್ಯಾಗೂ ಹಿಂಗ ಅದ ಸರ್."

"ಎಲ್ಲಾ ಉಜ್ಜಿದವರು ನೀವಽ ಅಲ್ಲ?"

ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಅನುಮಾನ ಸರಿಯಾದದ್ದೇ. ಸತ್ತ ಮೇಲಿನ ಗುರುತನ್ನು ಬೇಕಾದ ಹಾಗೆ ಓದಬಹುದು. ಬೆಳೆಯುತ್ತಿರುವಾಗಲೇ ನೋಡಬೇಕಿತ್ತು. ಲೋಹವೋ ಪಾರದರ್ಶಕವಲ್ಲ.

ದಾರಿ ಸಿಕ್ಕಿದ್ದು ಒಂದು ಬಾಟಲಿಯಲ್ಲಿ. ನಮ್ಮ ತಂತಿಗಳಿಗೆ ಬೆಸುಗೆ ಹಾಕುವ ಮುನ್ನ ಬಳಿಯಲು ನವಸಾಗರದ ನೀರು ಬೇಕಾಗುತ್ತಿತ್ತು. ಪಾತ್ರೆಗೆ ಕಲಾಯಿ ಹಾಕುವವರು ಉಪಯೋಗಿಸುವ ಬಿಳಿಯ ಉಪ್ಪೇ ನವಸಾಗರ. ಪೇಟೆಯಿಂದ ತಂದ ಉಂಡೆಗಳನ್ನು ಬಿಸಿನೀರಿನಲ್ಲಿ ಹಿಡಿಯುವಷ್ಟು ಕರಗಿಸಿ, ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಚಳಿಗಾಲದ ಮುಂಜಾನೆ, ಹೊರಗೆ ತಂಪು ಗಾಳಿ. ಸ್ವಲ್ಪ ಹೊತ್ತಿಗೆ ಆ ಕಡೆ ನೋಡಿದರೆ ಬಾಟಲಿಯೊಳಗೆ ಹಿಮದಂತೆ ಏನೋ ಉದುರುತ್ತಿದೆ. ಹತ್ತಿರ ಹೋಗಿ ಮುಖವಿಟ್ಟೆ. ಪ್ರತಿಯೊಂದು ಚೂರೂ ಒಂದು ಪುಟ್ಟ ಗಿಡ. ನಡುವೆ ಕಾಂಡ, ಕಾಂಡಕ್ಕೆ ನೇರ ಅಡ್ಡವಾಗಿ ಕೊಂಬೆ, ಕೊಂಬೆಗೆ ಕಿರುಕೊಂಬೆ. ಸೂಕ್ಷ್ಮದರ್ಶಕದಲ್ಲಿ ಸತ್ತು ಬಿದ್ದಿದ್ದ ಅದೇ ಗಿಡ ಇಲ್ಲಿ ನನ್ನ ಕಣ್ಣೆದುರೇ ಬೆಳೆಯುತ್ತಿತ್ತು. ನಾನು ಉಸಿರು ಬಿಟ್ಟಿದ್ದಕ್ಕೆ ಗಾಜು ಮಸುಕಾಯಿತು. ಒರೆಸಿ ಮತ್ತೆ ನೋಡಿದೆ. ಆ ದಿನ ಬೆಸುಗೆಯ ಕೆಲಸ ಆಗಲಿಲ್ಲ.

ಮುಂದೆ ನಾನು ಮಾಡಿದ್ದು ಸರಳ. ಎರಡು ಗಾಜಿನ ಹಲಗೆಗಳ ನಡುವೆ ಬೆರಳು ದಪ್ಪದ ಸಂದು ಬಿಟ್ಟು ಮೇಣದಿಂದ ಅಂಚು ಮುಚ್ಚಿದೆ. ಮೇಲೆ ಮಾತ್ರ ಬಾಯಿ. ಅಂಚುಗಳಿಗೆ ತಾಮ್ರದ ಪಟ್ಟಿ ಹಚ್ಚಿ ಒದ್ದೆ ಬಟ್ಟೆ ಸುತ್ತಿದೆ. ಒಳಗೆ ಬಿಸಿ ನವಸಾಗರದ ನೀರು ಸುರಿದೆ. ಎಲ್ಲ ಕಡೆಯಿಂದ ತಂಪಾದರೆ ಗಿಡಗಳು ಎಲ್ಲ ಕಡೆಯಿಂದ ನುಗ್ಗಿ ಬಂದು ನಡುವೆ ಒಂದರೊಳಗೊಂದು ಹೆಣೆದುಕೊಳ್ಳುತ್ತಿದ್ದವು. ಆಗ ಗಾಜಿನ ಮೇಲುಬಾಯಿಯಿಂದ ನೀಲಿ ಶಾಯಿಯ ಹನಿ ಬಿಟ್ಟೆ. ಶಾಯಿ ಗಿಡಗಳ ನೆತ್ತಿಯ ಮೇಲೆ ನಿಂತಿತು, ಕೆಳಗಿಳಿಯಲೇ ಇಲ್ಲ. ಮತ್ತೆ ಕರಗಿಸಿ, ಈ ಸಲ ತಳಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿದೆ. ಗಿಡಗಳು ಕೆಳಗಿನಿಂದ ಸಾಲಾಗಿ, ಗದ್ದೆಯ ಪೈರಿನಂತೆ ಮೇಲೆದ್ದವು. ಅವುಗಳ ನೆತ್ತಿಯ ಮೇಲೆ ಕೊನೆಯವರೆಗೂ ತಿಳಿನೀರಿತ್ತು. ಬಿಟ್ಟ ಶಾಯಿ ಬೆಳೆಯುವ ತುದಿಗಳವರೆಗೂ ಇಳಿಯಿತು.

ಕಂಚು ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಇನ್ನೂ ಕರಗಿದ್ದ ಲೋಹ ಬಂದು ತುಂಬಬೇಕು. ನಮ್ಮ ವಾಲ್ವಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ, ಎಲ್ಲ ಕಡೆ ಒಟ್ಟಿಗೇ ತಣಿಯುತ್ತಿತ್ತು. ಗಿಡಗಳು ಎಲ್ಲೆಡೆ ಹೆಣೆದುಕೊಂಡು ದಾರಿ ಮುಚ್ಚುತ್ತಿದ್ದವು. ತುಂಬಬೇಕಾದ ಲೋಹ ಬರದೆ ಕೊಂಬೆಗಳ ಸಂದಿ ಖಾಲಿ ಉಳಿಯುತ್ತಿತ್ತು. ಅಂಥ ಸಂದಿಗಳು ಒಂದಕ್ಕೊಂದು ಕೂಡಿ ಗೋಡೆಯ ಒಳಗಿನಿಂದ ಹೊರಗೆ ದಾರಿಯಾಗುತ್ತಿದ್ದವು. ಬೆವರು ಬರುತ್ತಿದ್ದದ್ದು ಆ ದಾರಿಯಲ್ಲಿ. ಇದು ನನ್ನ ಊಹೆ. ಉಪ್ಪುನೀರು ಕಂಚಲ್ಲ ಎಂದು ಯಾರಾದರೂ ಹೇಳಿದರೆ ಮತ್ತೆ ಬಾಯಿ ಮುಚ್ಚಬೇಕಿತ್ತು.

ಸಾಹೇಬರು ಬಂದ ದಿನ ಏನೂ ಹೇಳದೆ ಗಾಜಿನ ಮುಂದೆ ಕುರ್ಚಿ ಹಾಕಿದೆ. ಅವರು ನೋಡಿದರು. ಎರಡನೆಯ ಸಲ ಶಾಯಿಯನ್ನು ತಾವೇ ಬಿಟ್ಟರು. ಮೂರನೆಯ ಸಲ ಬಟ್ಟೆಯನ್ನೂ ತಾವೇ ಸುತ್ತಿದರು. ಅವರ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಜೇಬಿನಿಂದ ಕರವಸ್ತ್ರ ತೆಗೆದು ಎದ್ದು ಹೋಗಿ ತಗಡಿನ ಗೋಡೆಯ ಮೇಲಿನ ಗುಳ್ಳೆಗಳ ಚಿತ್ರವನ್ನು ಒರೆಸಿದರು.

"ಮಿಸ್ತ್ರಿ ಎಲ್ಲಿದ್ದಾನ ಈಗ?"

"ಮೂಡಲಗಿಯೊಳಗ ಒಬ್ಬ ಕಂಬಾರರ ಹತ್ರ ಬಂಡಿ ಗಾಲಿಗೆ ಪಟ್ಟಾ ಏರಸತಾರಂತ್ರಿ."

"ನಮ್ಮ ವರದಿ ಅಂವನ್ನ ಹೊರಗ ಹಾಕೇದ ಅಂತ ಮಾಲಕರ ಬಾಯಿಲೆ ಕೇಳಿದೆ. ನೀವ್ಯಾಕ ಹೇಳಲಿಲ್ಲ?"

"ನಿಮಗ ಗೊತ್ತದ ಅಂತ ತಿಳದಿದ್ದೆ ಸರ್."

ಅವರು ಕರವಸ್ತ್ರ ಜಾಡಿಸಿ ಜೇಬಿಗಿಟ್ಟರು. ಮಾಲಕರ ಕೋಣೆಗೆ ಹೋಗಿ, ವರದಿಯ ಆ ಸಾಲು ತಪ್ಪಾಗಿದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಭರಮಪ್ಪನವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಮೊದಲು ಕಂಚು ಬೆವರುವುದನ್ನು ನಿಲ್ಲಿಸಿ ತೋರಿಸಿರಿ, ಆಮೇಲೆ ಮಿಸ್ತ್ರಿಯ ಮಾತು ಎಂದರು.

ನಿಲ್ಲಿಸಲು ಹೊರಟು ನಾವು ಇನ್ನಷ್ಟು ಕೆಡಿಸಿದೆವು. ಕರಗಿದ ಲೋಹ ಹೆಚ್ಚು ಬೇಕಲ್ಲವೇ ಎಂದು ಅಚ್ಚಿನ ಮೇಲೆ ಹೆಚ್ಚಿನ ಲೋಹ ತುಂಬಿಡುವ ಗುಂಡಿಯನ್ನು ದೊಡ್ಡದು ಮಾಡಿದೆವು. ಆ ಗುಂಡಿಯ ಕೆಳಗಿನ ಭಾಗವೇ ಬಹಳ ಹೊತ್ತು ಬಿಸಿಯಾಗಿ ಉಳಿದು ಮೊದಲಿಗಿಂತ ಹೆಚ್ಚು ಬೆವರಿತು. ಲೋಹವನ್ನು ಸ್ವಲ್ಪ ತಣಿಸಿ ಸುರಿಸಿದೆವು. ಅದು ಅಚ್ಚಿನ ಅರ್ಧಕ್ಕೇ ನಿಂತು ಮುರುಕು ತಂಬಿಗೆಯಂತಾಯಿತು. ಗಾಜಿನಲ್ಲಿ ಕಂಡದ್ದು ಮರಳಿಗೆ ಇಳಿಯಬೇಕಾದರೆ ಅಚ್ಚಿನ ಒಂದು ಕಡೆ ಬೇಗ ತಣಿಯಬೇಕು. ಅದಕ್ಕೆ ಅಲ್ಲಿ ಮರಳಿನ ಬದಲು ಕಬ್ಬಿಣದ ತುಂಡು ಕೂಡಿಸಬೇಕು. ಹೊಸದಾಗಿ ಬಂದಿದ್ದ ಎರಕದವನಿಗೆ ಅದನ್ನು ಕೂಡಿಸಲು ಧೈರ್ಯವಿರಲಿಲ್ಲ. ಕರಗಿದ ಕಂಚು ತಣ್ಣಗಿನ ಕಬ್ಬಿಣಕ್ಕೆ ತಾಗಿದರೆ ಸಿಡಿಯುತ್ತದೆ ಎಂದು ಹಿಂದೆ ಸರಿದ. ಅವನ ಹೆದರಿಕೆಯೂ ಸುಳ್ಳಲ್ಲ. ಕಬ್ಬಿಣದ ಮೇಲೆ ಒಂದಿಷ್ಟು ತೇವವಿದ್ದರೆ ಸಾಕು, ಲೋಹ ಮುಖಕ್ಕೆ ಹಾರುತ್ತದೆ.

"ಗಾಜು ತಗೋರಿ" ಎಂದರು ಸಾಹೇಬರು. "ಮೂಡಲಗಿಗೆ ಹೋಗೋಣು."

ಬಸ್ಸಿನಲ್ಲಿ ಗಾಜಿನ ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೌಜಲಗಿಯ ಹೆಂಗಸೊಬ್ಬರು ಪಕ್ಕದಲ್ಲಿದ್ದರು. ದೇವರ ಫೋಟೋ ಕಟ್ಟು ಹಾಕಿಸಿದ್ದೀರಾ ಎಂದು ಕೇಳಿ ಕೈಮುಗಿದರು. ಅಲ್ಲವೆನ್ನುವಷ್ಟರಲ್ಲಿ ಅವರು ಇಳಿಯುವ ಜಾಗ ಬಂತು.

ಯಲ್ಲಪ್ಪ ಮಿಸ್ತ್ರಿ ಬಂಡಿಗಾಲಿಯ ಕಬ್ಬಿಣದ ಪಟ್ಟಾ ಕಾಯಿಸುತ್ತಿದ್ದರು. ಸಾಹೇಬರನ್ನು ಕಂಡು ಎದ್ದರು, ಆದರೆ ಹತ್ತಿರ ಬರಲಿಲ್ಲ.

"ಯಲ್ಲಪ್ಪ, ನಾ ಬರದದ್ದು ತಪ್ಪಾಗೇದ" ಎಂದರು ಸಾಹೇಬರು. "ಪೂರಾ ನೋಡದ ಬರದೆ. ಅದನ್ನ ಹೇಳಾಕ ಬಂದೇನಿ."

ಅಲ್ಲಿದ್ದ ಕಂಬಾರ, ಗಾಲಿ ತಂದಿದ್ದ ರೈತರು ಎಲ್ಲರೂ ಕೇಳಿಸಿಕೊಂಡರು. ಮಿಸ್ತ್ರಿ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು.

"ಪೂರಾ ನೋಡೀರೇನ್ರಿ ಈಗ?"

"ನಾವು ನೋಡೇವಿ. ನೀವೂ ನೋಡ್ರಿ" ಎಂದೆ.

ಬೇವಿನ ಗಿಡದ ನೆರಳಿನಲ್ಲಿ ಕಲ್ಲಿಗೆ ಗಾಜನ್ನು ಒರಗಿಸಿದೆ. ಕಂಬಾರರ ಕುಲುಮೆಯಲ್ಲೇ ನವಸಾಗರದ ನೀರು ಕಾಯಿಸಿದೆವು. ಗಿಡಗಳು ಬೆಳೆಯತೊಡಗಿದಾಗ ಮಿಸ್ತ್ರಿ ಮಂಡಿಯೂರಿ ಕೂತರು. ಅವರ ಹಿಂದೆ ರೈತರು, ರೈತರ ಹಿಂದೆ ದಾರಿಹೋಕರು. ಶಾಯಿ ನೆತ್ತಿಯ ಮೇಲೆ ನಿಂತಾಗ ಮಿಸ್ತ್ರಿ ತಲೆಯಾಡಿಸಿದರು.

"ನಾನೂ ತಪ್ಪ ತಿಳಕೊಂಡಿದ್ನೆಪಾ. ಹಳೀ ತಾಮ್ರದ ದೆಸಿಂದ ಅಂತಿದ್ದೆ. ದಾರಿನಽ ಕಟ್ಟಿ ಬಿಡತೈತಿ ಇದು." ಗಾಜಿಗೆ ಇನ್ನಷ್ಟು ಹತ್ತಿರ ಬಗ್ಗಿ ಕೇಳಿದರು: "ಅಲ್ರಿ ಸಾಹೇಬ್ರ, ಇದು ಗುಂಡಗ ಉಂಡಿಯಾಗಿ ಬೆಳಿಯೂದು ಬಿಟ್ಟು ಟೊಂಗಿ ಯಾಕ ಒಡೀತೈತಿ? ಅದೂ ಹಿಂಗ ನೆಟ್ಟಗ, ಅಡ್ಡಡ್ಡ?"

ಸಾಹೇಬರು ಜೇಬಿಗೆ ಕೈಹಾಕಿ ಸೀಮೆಸುಣ್ಣ ಹೊರತೆಗೆದರು. ಬರೆಯಲು ಕಲ್ಲನ್ನೂ ಹುಡುಕಿದರು. ಆಮೇಲೆ ಸೀಮೆಸುಣ್ಣವನ್ನು ಜೇಬಿಗೇ ಹಾಕಿಕೊಂಡರು.

"ಗೊತ್ತಿಲ್ಲ ಯಲ್ಲಪ್ಪ. ಅಡ್ಡಡ್ಡ ಯಾಕ ಅನ್ನೂದು ಸ್ವಲ್ಪ ಗೊತ್ತದ, ಒಳಗಿನ ಕಣಗಳ ಜೋಡಣಿ ಹಂಗ ಅದ. ಟೊಂಗಿ ಯಾಕ, ಎಷ್ಟು ದೂರಕ್ಕೊಂದು ಟೊಂಗಿ, ಅದು ಯಾರಿಗೂ ಪೂರಾ ಗೊತ್ತಿಲ್ಲ."

ಯುವಕರಿಗೆ ಒಂದು ಮಾತು. ನನ್ನ ಉಳಿದ ವೃತ್ತಿಯನ್ನೆಲ್ಲ ಆ ಪ್ರಶ್ನೆಯೇ ತಿಂದಿತು. ಬೇರೆ ಊರುಗಳು, ಬೇರೆ ಪ್ರಯೋಗಶಾಲೆಗಳು, ಎಕ್ಸ್-ರೇ ಬಂತು, ಕಂಪ್ಯೂಟರ್ ಬಂತು. ಎಷ್ಟೋ ವರ್ಷಗಳ ನಂತರ ದೂರದೇಶದ ಗಣಿತಜ್ಞರು ಉತ್ತರದ ದೊಡ್ಡ ಭಾಗವನ್ನು ಬಿಡಿಸಿದಾಗ ನಾನು ಅದನ್ನು ಅರ್ಥಮಾಡಿಕೊಳ್ಳಲು ಹೊಸ ವಿದ್ಯಾರ್ಥಿಯಂತೆ ಮತ್ತೆ ಓದಬೇಕಾಯಿತು. ಆ ವಯಸ್ಸಿನಲ್ಲಿ ಅದೂ ಒಂದು ಸುಖ.

ಮಿಸ್ತ್ರಿ ಒಂದು ಷರತ್ತಿನ ಮೇಲೆ ಬಂದರು. ತೆಗೆದುಹಾಕಿದ್ದು ಎಲ್ಲರ ಮುಂದೆ, ಕರೆಯುವುದೂ ಎಲ್ಲರ ಮುಂದೆ ಆಗಬೇಕು. ಭರಮಪ್ಪನವರು ಎರಡು ದಿನ ಮುಖ ಬಿಗಿದುಕೊಂಡಿದ್ದು, ಮೂರನೆಯ ದಿನ ಕುಲುಮೆಯ ಹತ್ತಿರ ಎಲ್ಲ ಕೆಲಸಗಾರರ ಎದುರು "ಬಾ ಯಲ್ಲಪ್ಪ, ನಿನ್ನ ಜಾಗಾದಾಗ ನಿಲ್ಲು" ಎಂದರು. ಅದು ಕ್ಷಮೆ ಕೇಳಿದ್ದಲ್ಲ. ಮಿಸ್ತ್ರಿ ಅಷ್ಟಕ್ಕೇ ಒಪ್ಪಿದರು.

ಕಬ್ಬಿಣದ ತುಂಡುಗಳನ್ನು ಅವರು ತುಕ್ಕು ಹೋಗುವಂತೆ ಉಜ್ಜಿ, ಬೆಂಕಿಯ ಬಳಿಯಿಟ್ಟು ಬೆಚ್ಚಗೆ ಮಾಡಿ, ಮೇಲೆ ದೀಪದ ಕಾಡಿಗೆ ಹಿಡಿಸಿದರು. ಎಲ್ಲಿ ಕೂಡಿಸಬೇಕೆಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ಅವರು ಹೇಳಿದ ಜಾಗದಲ್ಲಿ ಒಮ್ಮೆ ತಪ್ಪಿತು, ನಾನು ಹೇಳಿದ ಜಾಗದಲ್ಲಿ ಇನ್ನೊಮ್ಮೆ. ಮರಳಿನಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ತಳಕ್ಕೆ ಎರಡು ಬದಿಗೂ ಕೂಡಿಸಿ ಗುಂಡಿಯನ್ನು ಮೇಲೆ ಒಂದೇ ಕಡೆ ಬಿಟ್ಟು ಸುರಿದ ದಿನ ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಲೋಹ ಸಿಡಿಯಲಿಲ್ಲ. ಹಸಿರು ಜ್ವಾಲೆ ಒಂದಿಷ್ಟು ಎದ್ದು ತಣ್ಣಗಾಯಿತು.

ಆ ಎರಕದ ವಾಲ್ವುಗಳನ್ನು ನೀರು ತುಂಬಿ ಸಾಲಾಗಿ ತೊಲೆಗೆ ತೂಗುಬಿಟ್ಟೆವು. ಊಟದ ಹೊತ್ತು ಕಳೆಯಿತು. ಒಂದು ಮಾತ್ರ ಸ್ವಲ್ಪ ಬೆವರಿತು, ಉಳಿದವು ಒಣಗಿದ್ದವು. ಬೆವರಿದ್ದನ್ನು ಕೊಯ್ದು ನೋಡಿದಾಗ ಗುಂಡನೆಯ, ನಯವಾದ ತೂತುಗಳು ಕಂಡವು. ಸಾಹೇಬರಿಗೆ ಹಿಡಿಸಲಾರದ ಸಂತೋಷ.

"ಇದು ಗಾಳಿ. ಇದು ಮಾತ್ರ ನಂದು" ಎಂದು ಎಲ್ಲರಿಗೂ ತೋರಿಸಿದರು. ಅವರ ಊಹೆಯೂ ಪೂರಾ ಸುಳ್ಳಾಗಿರಲಿಲ್ಲ. ಅದೊಂದನ್ನು ಸುರಿದ ಮೂಸೆಗೆ ಹಾಕಿದ ಇದ್ದಿಲಿಗೆ ತೇವ ತಾಗಿತ್ತು. ಹೊಸ ವರದಿಯಲ್ಲಿ ಎರಡೂ ಕಾರಣ ಬರೆದೆವು. ಯಾರ ಕೈಯ ತಪ್ಪೆಂದು ಬರೆಯಲಿಲ್ಲ.

ಭೀಮಪ್ಪನವರ ಹೊಲಕ್ಕೆ ಹೊಸ ವಾಲ್ವು ಕೂಡಿಸಲು ಮಿಸ್ತ್ರಿಯೂ ನಾನೂ ಹೋದೆವು. ಸಂಜೆ ಕೂಡಿಸಿ, ಪೈಪಿಗೆ ನೀರು ತುಂಬಿ, ಇಂಜಿನ್ ಓಡಿಸಿ ನಿಲ್ಲಿಸಿದೆವು. ನಿಜವಾದ ಪರೀಕ್ಷೆ ಮರುದಿನ ಮುಂಜಾನೆಯದು. ಮೂಡಲಗಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಗ್ಗೆ ಹೊಲಕ್ಕೆ ಬಂದೆವು.

ಬಾವಿಯ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಸೊಂಟದ ಮೇಲೆ ಒಂದು ತುಂಬಿದ ಕೊಡ, ನೆಲದ ಮೇಲೆ ಇನ್ನೊಂದು. ಭೀಮಪ್ಪನವರ ಹೆಂಡತಿ ಕಾಶವ್ವ. ದಿನಾ ಮುಂಜಾನೆ ಖಾಲಿ ಪೈಪಿಗೆ ನೀರು ತುಂಬುತ್ತಿದ್ದವರು ಯಾರೆಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಭೀಮಪ್ಪ ಅಂದಿರಲೂ ಇಲ್ಲ. ಬಾವಿಯ ಮೆಟ್ಟಿಲಿಳಿದು, ಕೊಡ ತುಂಬಿ, ಏರಿ ಬಂದು, ಮತ್ತೆ ಇಳಿದು, ಪಂಪು ನೀರು ಹಿಡಿಯುವವರೆಗೂ ಹೊರುತ್ತಿದ್ದವರು ಇವರು.

ಭೀಮಪ್ಪ ಇಂಜಿನ್ ತಿರುವಿದರು. ಅದು ಕೆಮ್ಮಿತು, ಹೊಗೆ ಬಿಟ್ಟಿತು, ಹಿಡಿಯಿತು. ನಾನೂ ಮಿಸ್ತ್ರಿಯೂ ಪೈಪಿನ ಬಾಯಿ ನೋಡುತ್ತಿದ್ದೆವು. ಒಂದು ಸಲ ಗಾಳಿ ಉಗುಳಿತು. ಆಮೇಲೆ ನೀರು ದಪ್ಪಗೆ ಕಾಲುವೆಗೆ ಬಿತ್ತು.

ಮಿಸ್ತ್ರಿ ತಲೆಯ ಮೇಲಿನ ವಸ್ತ್ರ ತೆಗೆದು ಮತ್ತೆ ಸುತ್ತಿಕೊಂಡರು. ಕಾಶವ್ವ ಮಾತ್ರ ನಿಂತಲ್ಲೇ ಇದ್ದರು. ಕೊಡ ಸೊಂಟದ ಮೇಲೇ ಇತ್ತು.

"ಅಂದ್ರ ಇನ್ನ ತುಂಬೂದು ಬ್ಯಾಡೇನ?" ಎಂದು ಗಂಡನನ್ನು ಕೇಳಿದರು.

"ಬ್ಯಾಡ. ನೀರು ತಾನಽ ನಿಂತೈತಲ್ಲ."

ಅವರು ಕೊಡವನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಏನ್ ಕೆಲಸ ಮಾಡ್ತೀರಿ ಯವ್ವಾ?"

"ಕರಗಿದ ಲೋಹ ಹೆಂಗ ಗಟ್ಟಿ ಆಗತದ ಅಂತ ನೋಡತೀನ್ರಿ."

"ನೋಡೂದಽ ಕೆಲಸ?"

"ಹೌದ್ರಿ."

ಅವರು ನಗಲಿಲ್ಲ. ಏನೋ ಯೋಚಿಸಿ, "ಛಲೋ ನೋಡೀರಿ" ಎಂದರು. ನೆಲದ ಮೇಲಿದ್ದ ಕೊಡವನ್ನು ಮೆಣಸಿನ ಸಸಿಗಳ ಬುಡಕ್ಕೆ ಬಗ್ಗಿಸಿದರು. ಸೊಂಟದ ಮೇಲಿದ್ದುದನ್ನು ನನ್ನ ಮುಂದೆ ಹಿಡಿದರು.

"ಕೈ ಒಡ್ಡರಿ, ಮಾರಿ ತೊಳಕೋರಿ. ಗಲ್ಲಕ್ಕ ಮಸಿ ಹತ್ತೇತಿ."

ಬೊಗಸೆ ಒಡ್ಡಿದೆ. ಬಾವಿಯ ನೀರು ತಣ್ಣಗಿತ್ತು.